ಚರ್ಚಿನ ಉತಾರ ಯಾರ ಹೆಸರಿಗೆ?

ಪಂಚನಾಮೆ, ಉತಾರ, ತಕರಾರು ಅರ್ಜಿ: ಧಾರವಾಡದಲ್ಲಿ ಈ ಮೂರು ಮಾತಿಗೆ ಅರ್ಥ ಹೇಳಬೇಕಿಲ್ಲ. ನಾಲ್ಕನೇ ಶತಮಾನದಲ್ಲಿ ಚರ್ಚು ಮತ್ತು ರಾಜ್ಯ ಹೇಗೆ ಹೆಣೆದುಕೊಂಡವು ಎಂದು ತಿಳಿಯಲು ಇವಿಷ್ಟು ಸಾಕು. ದೇವತಾಶಾಸ್ತ್ರವನ್ನು ಆಮೇಲೆ ನೋಡಿಕೊಳ್ಳಬಹುದು.

ಮೊದಲಿಗೆ ಪಂಚನಾಮೆ. 303ರ ಫೆಬ್ರವರಿಯಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷನ್ ಚರ್ಚುಗಳನ್ನು ಕೆಡವಿ ಧರ್ಮಗ್ರಂಥಗಳನ್ನು ಸುಡಲು ಹುಕುಂ ಹೊರಡಿಸಿದ. ಮೇ 19ರಂದು ಉತ್ತರ ಆಫ್ರಿಕದ ಸಿರ್ಟಾದಲ್ಲಿ, ಅಂದರೆ ಈಗಿನ ಅಲ್ಜೀರಿಯದ ಕಾನ್‌ಸ್ಟಂಟೀನ್ ನಗರದಲ್ಲಿ, ಅಧಿಕಾರಿ ಮುನಾಟಿಯಸ್ ಫೆಲಿಕ್ಸ್ ಜಪ್ತಿಗೆ ಬಂದ. ಆಗ ಬರೆದ ಯಾದಿ ಇಂದಿಗೂ ಉಳಿದಿದೆ: ಚಿನ್ನದ ಪಾನಪಾತ್ರೆ 2, ಬೆಳ್ಳಿಯವು 6, ಬೆಳ್ಳಿ ದೀಪ 7, ಹೆಂಗಸರ ನಿಲುವಂಗಿ 82, ಗಂಡಸರವು 16, ಹೆಂಗಸರ ಪಾದರಕ್ಷೆ 47 ಜೊತೆ, ಗಂಡಸರವು 13. ಬಡವರಿಗೆ, ಅದರಲ್ಲೂ ವಿಧವೆಯರಿಗೆ ಹಂಚಲು ಇಟ್ಟ ಬಟ್ಟೆಯಿರಬೇಕು. ಗ್ರಂಥದ ಕಪಾಟು ಮಾತ್ರ ಖಾಲಿ! ಪುಸ್ತಕಗಳನ್ನು ವಾಚಕರ (ಚರ್ಚಿನಲ್ಲಿ ಗ್ರಂಥ ಓದುವವರ) ಮನೆಮನೆಗೆ ಹೋಗಿ ಕಿತ್ತು ತಂದರು.

ಹೀಗೆ ಕೊಟ್ಟವರಿಗೆ ‘ಟ್ರಾಡಿಟೋರ್’, ಅಂದರೆ ಒಪ್ಪಿಸಿದವನು, ಎಂಬ ಹೆಸರು ಅಂಟಿತು. ಕೆಲ ವರ್ಷಗಳ ನಂತರ ಉತ್ತರ ಆಫ್ರಿಕದ ಮುಖ್ಯ ನಗರ ಕಾರ್ತೇಜಿನ ಬಿಷಪ್ಪನಾಗಿ ಕೆಸಿಲಿಯಾನಸ್‌ಗೆ ಪಟ್ಟವಾದಾಗ, ಪಟ್ಟಕಟ್ಟಿದ ಆಪ್ಟುಂಗಾದ ಫೆಲಿಕ್ಸ್ (ಇವನು ಬೇರೆ) ಟ್ರಾಡಿಟೋರ್ ಎಂಬ ದೂರು ಎದ್ದಿತು. ಗುರುವೇ ಭ್ರಷ್ಟನಾದರೆ ಅವನಿತ್ತ ದೀಕ್ಷೆ ನಿಲ್ಲುತ್ತದೆಯೇ? ನಮ್ಮ ಮಠಗಳಿಗೂ ಹೊಸತಲ್ಲದ ಪ್ರಶ್ನೆ. ನಿಲ್ಲದು ಎಂದವರು ಮಯೋರಿನಸ್‌ನನ್ನು, ಅವನ ನಂತರ ಡೊನಾಟಸ್‌ನನ್ನು ಎದುರು ಬಿಷಪ್ಪರನ್ನಾಗಿ ಕೂರಿಸಿದರು.

ಇಲ್ಲಿಯವರೆಗೆ ಇದು ಒಳಜಗಳ. 313ರಲ್ಲಿ ಹಣ ಬಂತು. (ಆ ವರ್ಷವೇ ಕ್ರೈಸ್ತಧರ್ಮ ರಾಜಧರ್ಮವಾಯಿತು ಎಂದು ಧಾರವಾಡದ ಸಪ್ತಾಪುರದ ಕೋಚಿಂಗ್ ಕೋಣೆಗಳಲ್ಲಿ ನೋಟ್ಸ್ ಬರೆದುಕೊಂಡವರು ಅದನ್ನು ಹೊಡೆದುಹಾಕಿ, ಅದು 380ರ ಥೆಸಲೊನಿಕದ ಆಜ್ಞೆ. 313ರದ್ದು ಸಹನೆ ಮತ್ತು ಆಸ್ತಿ ವಾಪಸಾತಿ.) ಆಸ್ತಿ ವಾಪಸು, ಸರಿ, ಉತಾರ ಯಾರ ಹೆಸರಿಗೆ? ಈಗಿನ ಚಕ್ರವರ್ತಿ ಕಾನ್‌ಸ್ಟಂಟೈನ್ 3,000 ಫೋಲಿಸ್ ಹಣವನ್ನು ಕೆಸಿಲಿಯಾನಸ್‌ಗೆ ಮಂಜೂರು ಮಾಡಿದ. ಅವನ ಕೈಕೆಳಗಿನ ಪಾದ್ರಿಗಳಿಗೆ ಊರ ಸೇವೆಗಳಿಂದ ವಿನಾಯಿತಿ ಕೊಟ್ಟ. ಇದೇ ದೊಡ್ಡ ಲಾಭ, ಏಕೆಂದರೆ ನಗರಸಭೆಯ ಸದಸ್ಯ ಕಂದಾಯ ಕಡಿಮೆ ಬಿದ್ದರೆ ಸ್ವಂತ ಗಂಟಿನಿಂದ ತುಂಬಬೇಕಿತ್ತು. ವಿನಾಯಿತಿ ಒಂದು ಬಣಕ್ಕಷ್ಟೇ ಎಂದಾದ ಮೇಲೆ ‘ನಿಜವಾದ ಚರ್ಚು ಯಾವುದು’ ಎಂಬುದನ್ನು ಖಜಾನೆಯೂ ಕೇಳಲೇಬೇಕಾಯಿತು.

ಮಯೋರಿನಸ್ ಬಣ ತಕರಾರು ಅರ್ಜಿ ಹಾಕಿತು. ಡಯೊಕ್ಲೀಷನ್‌ನ ಕಿರುಕುಳ ಮುಟ್ಟದ ಗಾಲ್ (ಈಗಿನ ಫ್ರಾನ್ಸ್) ಪ್ರಾಂತದ ನ್ಯಾಯಾಧೀಶರು ಬೇಕು ಎಂದು ಕೇಳಿತು. ಒಳ್ಳೆಯ ವಾದವೇ. ಆದರೆ ರೋಮಿನ ಬಿಷಪ್ ಮಿಲ್ಟಿಯಾಡಿಸ್ ಗಾಲ್‌ನ ಮೂವರ ಜೊತೆ ಇಟಲಿಯ 15 ಬಿಷಪ್ಪರನ್ನು ಕೂರಿಸಿಕೊಂಡು ತೀರ್ಪು ಕೊಟ್ಟ. ಬಣ ಸೋತಿತು. 314ರ ಆಗಸ್ಟಿನಲ್ಲಿ ಗಾಲ್‌ನ ಆರ್ಲ್ ನಗರದ ಬಿಷಪ್ಪರ ಸಭೆಯಲ್ಲೂ ಸೋತಿತು. ಆ ಸಭೆಯ ನಿಯಮ 13 ಬಹಳ ಜಾಣತನದ್ದು: ಟ್ರಾಡಿಟೋರ್ ಎಂಬ ಆರೋಪ ಬಾಯಿಮಾತಿನಲ್ಲಿ ನಡೆಯದು, ಸರಕಾರಿ ದಫ್ತರದಿಂದ ಸಾಬೀತಾಗಬೇಕು, ಸಾಬೀತಾದರೂ ಅವನು ಕೊಟ್ಟ ಪಟ್ಟ ಕೆಡದು.

ದಾಖಲೆ ಬೇಕೆಂದ ಕೂಡಲೇ ದಾಖಲೆ ತಿದ್ದುವವರೂ ಹುಟ್ಟಿದರು. 315ರ ವಿಚಾರಣೆಯಲ್ಲಿ ಇಂಜೆಂಟಿಯಸ್ ಎಂಬ ಗುಮಾಸ್ತ, ಆಪ್ಟುಂಗಾದ ಫೆಲಿಕ್ಸ್ ವಿರುದ್ಧದ ಪತ್ರಕ್ಕೆ ತಾನೇ ಸಾಲು ಸೇರಿಸಿದ್ದನ್ನು ಒಪ್ಪಿಕೊಂಡ. ಫೆಲಿಕ್ಸ್ ನಿರ್ದೋಷಿಯಾದ. 320ರಲ್ಲಿ ಹಳೆಯ ಸಿರ್ಟಾ ಪಂಚನಾಮೆಯೇ ಕೋರ್ಟಿಗೆ ಬಂತು. ಅಂದು ಬೆಳ್ಳಿ ದೀಪ ಎತ್ತಿ ಕೊಟ್ಟ ಉಪಸೇವಕ ಸಿಲ್ವಾನಸ್ ಈಗ ಡೊನಾಟಸ್ ಬಣದ ಬಿಷಪ್! ಅವನ ಮೇಲೆ ಮುನಿದ ಅವನದೇ ಡೀಕನ್ (ಚರ್ಚಿನ ಸೇವಕ) ಕಾಗದ ಹೊರಗೆಳೆದಿದ್ದ.

ನಡುವೆ 317ರಲ್ಲಿ ಆ ಬಣದ ಮೇಲೆ ಚಕ್ರವರ್ತಿಯ ಸೈನ್ಯ ಬಂತು, ಚರ್ಚುಗಳು ಜಪ್ತಿಯಾದವು, ಜನ ಸತ್ತರು. ಸತ್ತವರು ಹುತಾತ್ಮರಾದರು, ಬಣ ಬೆಳೆಯಿತು. 321ರಲ್ಲಿ ಕಾನ್‌ಸ್ಟಂಟೈನ್ ಕೈಚೆಲ್ಲಿದ.

ಸುಮಾರು 347ರಲ್ಲಿ ಮುಂದಿನ ಚಕ್ರವರ್ತಿಯ ದೂತರು ದಾನದ ಹಣ ತಂದಾಗ ಡೊನಾಟಸ್ ಕೇಳಿದ್ದು: ಚಕ್ರವರ್ತಿಗೂ ಚರ್ಚಿಗೂ ಏನು ಸಂಬಂಧ? ಅವನ ಬಣದ ಮೊದಲ ಅರ್ಜಿಯನ್ನು, ಚರ್ಮದ ಕಟ್ಟಿನಲ್ಲಿ ಮುದ್ರೆ ಸಮೇತ, ಪ್ರಾಂತಾಧಿಕಾರಿ ಅನುಲಿನಸ್ ಚಕ್ರವರ್ತಿಗೆ ರವಾನಿಸಿದ ವರದಿಯ ತಾರೀಖು 313ರ ಏಪ್ರಿಲ್ 15.