ಕಡತವನ್ನು ಬರೆಸಿದವರು ಯಾರು?

ಮನೆತನದ ಇತಿಹಾಸವನ್ನು ಪತ್ರಾಗಾರಗಳಲ್ಲಿ ಹುಡುಕಲು ಹೊರಟವರು ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ಅಲ್ಲಿರುವ ಸರ್ಕಾರಿ ದಾಖಲೆಗಳಲ್ಲಿ ಯಾವುದೂ ನಮ್ಮ ವಂಶಾವಳಿಗಾಗಿ ಬರೆದದ್ದಲ್ಲ. ಕಂದಾಯ ವಸೂಲಿಗೋ ಸೈನ್ಯದ ಭರ್ತಿಗೋ ಜನರ ಎಣಿಕೆಗೋ ಹುಟ್ಟಿದ ಕಾಗದಗಳವು; ಆ ಕೆಲಸಕ್ಕೆ ಬೇಡವಾದುದನ್ನು ಗುಮಾಸ್ತ ಬರೆಯಲಿಲ್ಲ. ಹಾಗಾಗಿ ಹೆಸರು ಸಿಕ್ಕಿತೇ ಎಂದು ನೋಡುವ ಮೊದಲೇ, ಈ ಕಡತವನ್ನು ಯಾರು, ಏತಕ್ಕಾಗಿ ಬರೆಸಿದರು ಎಂದು ಕೇಳಿಕೊಳ್ಳುವುದು ನನ್ನ ರೂಢಿ.

ಇಂಗ್ಲೆಂಡಿನ 1841ರ ಜನಗಣತಿಯಲ್ಲಿ 15 ವರ್ಷ ಮೀರಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದರು. 34ರವನು ಅಲ್ಲಿ 30ರವನಾಗುತ್ತಾನೆ. ಮನೆಯವರ ನಡುವಿನ ಸಂಬಂಧವನ್ನು ದಾಖಲಿಸತೊಡಗಿದ್ದು 1851ರಲ್ಲಿ. ಇದನ್ನು ಅರಿಯದವರು ಒಂದೇ ಸೂರಿನಡಿ ಇದ್ದ ಅಣ್ಣತಂಗಿಯರನ್ನು ಗಂಡಹೆಂಡಿರೆಂದು ಬರೆದುಕೊಂಡರೆ ಆಶ್ಚರ್ಯವಿಲ್ಲ.

ಅಮೆರಿಕದ ಉದಾಹರಣೆ ಇನ್ನೂ ಕಠೋರವಾದುದು. 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿಯಿತ್ತು. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಲಿಂಗ, ಮೈಬಣ್ಣಗಳು ಇವೆಯೇ ಹೊರತು ಬಹುಪಾಲು ಹೆಸರುಗಳಿಲ್ಲ. 1870ರ ಗಣತಿಯಲ್ಲಿ ಹೆಸರಿನೊಡನೆ ಕಾಣಿಸಿಕೊಳ್ಳುವ ಹಿರಿಯರ ಹಿಂದಿನ ತಲೆಮಾರನ್ನು ಅರಸುವ ಅವರ ವಂಶಸ್ಥರು, ತಮ್ಮವರನ್ನು ಕೊಂಡವರ ಮರಣಶಾಸನಗಳನ್ನೂ ಆಸ್ತಿಪಟ್ಟಿಗಳನ್ನೂ ಓದಬೇಕಾಗುತ್ತದೆ. ಮನುಷ್ಯರಿಗೆ ಬೆಲೆ ಕಟ್ಟಿದ ಆ ಪಟ್ಟಿಗಳಲ್ಲೇ ಅವರ ಹೆಸರು ಉಳಿದಿರುವುದು ಎಂಥ ವಿಪರ್ಯಾಸ!

ದಾಖಲೆ ಇಲ್ಲವೆಂದ ಮಾತ್ರಕ್ಕೆ ಹುಡುಕಾಟ ನಿಲ್ಲಬೇಕಿಲ್ಲ. 1922ರಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ನಾಶವಾದಾಗ ಐರ್ಲೆಂಡಿನ ಹಳೆಯ ಗಣತಿಯ ಬಹುಭಾಗ ಬೂದಿಯಾಯಿತು. ಆದರೆ 1861 ಮತ್ತು 1871ರ ಗಣತಿಯ ಹಾಳೆಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಪಡಿಸಿತ್ತು. ಆ ಕೊರತೆಯನ್ನು ಇಂದು ಒಂದಿಷ್ಟು ತುಂಬುವುದು, ತೆರಿಗೆಗಾಗಿ ಜಮೀನು ಮನೆಗಳ ಮೌಲ್ಯ ಕಟ್ಟಿದ ಗ್ರಿಫಿತ್ ಸಮೀಕ್ಷೆ. ಭೂಮಿ ಯಾರ ಸ್ವಾಧೀನದಲ್ಲಿತ್ತೆಂಬುದು ಅದರಲ್ಲಿದೆ, ಮನೆಯ ಮಕ್ಕಳ ಸುದ್ದಿಯಿಲ್ಲ. ಭಾರತದಲ್ಲಿ 1948ರ ಜನಗಣತಿ ಕಾಯ್ದೆಯು ವ್ಯಕ್ತಿಗಳ ವಿವರಗಳನ್ನು ಗೋಪ್ಯವಾಗಿರಿಸಿರುವುದರಿಂದ, ಇಲ್ಲಿಯೂ ಭೂದಾಖಲೆ, ನೋಂದಾಯಿತ ಪತ್ರಗಳೇ ಹೆಚ್ಚು ನೆರವಾಗುತ್ತವೆ.

ಒಂದೇ ಕಾಗದದೊಳಗೂ ಎಲ್ಲ ಸಾಲುಗಳ ತೂಕ ಒಂದೇ ಅಲ್ಲ. ಮರಣದ ನೋಂದಣಿಯಲ್ಲಿ ಸಾವಿನ ದಿನವನ್ನು ಸಾಮಾನ್ಯವಾಗಿ ಕಂಡವರೇ ಹೇಳಿರುತ್ತಾರೆ. ಮೃತರ ಜನ್ಮಸ್ಥಳ, ತಂದೆತಾಯಿಯ ಹೆಸರುಗಳು ಮಾತ್ರ ಬಹುಮಟ್ಟಿಗೆ ಕೇಳಿದ ಮಾತು. ಆದ್ದರಿಂದ ಅವುಗಳಿಗೆ ನಾನು, ಆ ವ್ಯಕ್ತಿಯೇ ಎದುರು ನಿಂತು ವಿವರ ನೀಡಿರಬಹುದಾದ ಮದುವೆಯ ನೋಂದಣಿಯನ್ನೇ ಮೊದಲು ನೋಡುತ್ತೇನೆ.