‘ತಪ್ಪಾಯ್ತು ಸ್ವಾಮಿ’ ಅಂದುಬಿಟ್ಟ ನನ್ನ ಕಕ್ಷಿದಾರ

ವಕೀಲಿಕೆ ಶುರು ಮಾಡಿದ ಹೊಸದರಲ್ಲಿ ಬಂದ ಕೇಸು. ಬದುವಿನ ಮೇಲಿದ್ದ ಹೊಂಗೆಮರದ ಕೊಂಬೆ ಕಡಿದದ್ದಕ್ಕೆ ದಾಯಾದಿಗಳು ಕೈಕೈ ಮಿಲಾಯಿಸಿ ಠಾಣೆ ಹತ್ತಿದ್ದರು. ಎಫ್‌ಐಆರ್‌ನಲ್ಲಿ ತಾಲ್ಲೂಕು ಕೋರ್ಟಿನ ಟೀ ಅಂಗಡಿಯವನಿಗೂ ಬಾಯಿಪಾಠವಾಗಿರುವ ಐಪಿಸಿ ಕಲಮುಗಳ ಸಾಲು: 341, 323, 504, 506, ಜೊತೆಗೆ 34. ಅಡ್ಡಗಟ್ಟಿದ, ಹೊಡೆದ, ಬೈದ, ಬೆದರಿಸಿದ, ಎಲ್ಲರೂ ಸೇರಿಯೇ ಮಾಡಿದರು. 2024ರ ಜುಲೈ 1ರಿಂದೀಚಿನ ಘಟನೆಗಳಿಗೆ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ಸಾಲು 126(2), 115(2), 352, 351(2), 3(5) ಅಂತ ಬರುತ್ತದೆ. ಹಳೇ ನಂಬರು ಮಾತ್ರ ನಮ್ಮ ನಾಲಿಗೆಯಿಂದ ಇನ್ನೂ ಇಳಿದಿಲ್ಲ.

ಜಾಮೀನು ಸಿಗುವಂಥ ಕಲಮುಗಳೇ. ಪಹಣಿ, ಆಧಾರ್ ಹಿಡಿದು ಬಂದ ಭಾವಮೈದುನನ ಶ್ಯೂರಿಟಿಯಲ್ಲಿ ಅವತ್ತೇ ಜಾಮೀನಾಯಿತು. ಚಾರ್ಜ್‌ಶೀಟಿನ ನಕಲು ಸಿಕ್ಕಿತು. ರಾತ್ರಿ ಕೂತು ಸಾಕ್ಷಿಗಳ ಹೇಳಿಕೆಯಲ್ಲಿದ್ದ ತೂತುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡೆ. ಕಕ್ಷಿದಾರನನ್ನು ಕೂರಿಸಿಕೊಂಡು ಒಂದು ಮಾತು ಹೇಳಲಿಲ್ಲ.

ಪ್ಲೀ ದಿನ ಜಡ್ಜ್ ಆರೋಪವನ್ನು ಕನ್ನಡದಲ್ಲೇ ಬಿಡಿಸಿ ಹೇಳಿ, “ಒಪ್ಕೊಳ್ತೀರಾ?” ಅಂದರು. ಹೆಗಲ ಮೇಲಿನ ಟವೆಲ್ ಕಂಕುಳಿಗೆ ಹೋಯಿತು. ಎರಡೂ ಕೈ ಜೋಡಿಸಿ, “ತಪ್ಪಾಯ್ತು ಸ್ವಾಮಿ.”

ನನ್ನ ಎದೆ ಧಸಕ್ಕೆಂದಿತು. ಸರ್ಕಾರಿ ವಕೀಲರಾದ ಎಪಿಪಿ ಫೈಲಿನಿಂದ ತಲೆಯೆತ್ತಿದರು. ಪುಣ್ಯಕ್ಕೆ ಜಡ್ಜ್ ಬರೆದುಕೊಳ್ಳುವ ಮೊದಲು ಕನ್ನಡಕ ತೆಗೆದು, “ಅಂದ್ರೆ? ಹೊಡೆದದ್ದು ನಿಜಾನಾ?” ಅಂತ ಮತ್ತೆ ಕೇಳಿದರು. “ಇಲ್ಲ ಸ್ವಾಮಿ, ಹೊಡೆದಿಲ್ಲ. ದೊಡ್ಡೋರ ಮುಂದೆ ನಿಂತಾಗ ಹಂಗನ್ನಬೇಕಲ್ವಾ?”

ಅವನದೇನು ತಪ್ಪು? ಊರ ಅರಳಿಕಟ್ಟೆಯಲ್ಲಿ ‘ತಪ್ಪಾಯ್ತು’ ಅಂದರೆ ಜಗಳ ಮುಗಿಯುತ್ತದೆ. ಕಟಕಟೆಯಲ್ಲಿ ಅದೇ ಮಾತು ತಪ್ಪೊಪ್ಪಿಗೆ. ಇಂಥ ಸಣ್ಣ ಕೇಸುಗಳಲ್ಲಿ ಅದರ ಮೇಲೆ ಅಲ್ಲೇ ಶಿಕ್ಷೆ ಕೊಡಬಹುದು. “ದಂಡ ಕಟ್ಟಿ ಕೈ ತೊಳ್ಕೊಳ್ಳೋಣ ಸಾರ್” ಅಂತ ಈಗಲೂ ವಾರಕ್ಕೊಬ್ಬರು ಬರುತ್ತಾರೆ. ದಂಡ ಐನೂರೇ ಇರಲಿ, ದಾಖಲೆಯಲ್ಲಿ ಉಳಿಯುವುದು ‘ಅಪರಾಧಿ’ ಅಂತ. ಮುಂದೆ ಕೆಲಸಕ್ಕೋ ಪಾಸ್‌ಪೋರ್ಟಿಗೋ ಪೊಲೀಸ್ ವೆರಿಫಿಕೇಶನ್ ಬಂದಾಗ ಅದು ಎದ್ದು ಕೂರುತ್ತದೆ. ಅದೇ ಈ ಕಲಮುಗಳಲ್ಲಿ ಎದುರು ಪಾರ್ಟಿ ಒಪ್ಪಿದರೆ ರಾಜಿಯಾಗಬಹುದು, ರಾಜಿ ಕಾನೂನಿನ ಕಣ್ಣಲ್ಲಿ ಖುಲಾಸೆಗೆ ಸಮ. ಇಷ್ಟನ್ನು ಹೇಳಲು ನನಗೆ ಐದು ನಿಮಿಷ ಇರಲಿಲ್ಲವೇ?

ಈಗ ಹಿಂದಿನ ದಿನ ಸಂಜೆಯೇ ಆಫೀಸಿಗೆ ಕರೆಸುತ್ತೇನೆ. ನಾನೇ ಜಡ್ಜ್, ಟೇಬಲ್ಲಿನ ಆಚೆ ಬದಿ ಕಟಕಟೆ. ಮೊದಲು ಹೇಳುವುದು ಕಾಯುವ ವಿಚಾರ: ಹನ್ನೊಂದಕ್ಕೆ ಕೂಗಬಹುದು, ನಾಲ್ಕಕ್ಕೂ ಕೂಗಬಹುದು. ದಲಾಯತ್ ಹೆಸರು ಕೂಗುವುದು ಸರಿಯಾಗಿ ನೀವು ಟೀಗೆ ಹೋದಾಗಲೇ, ಅದೇನು ಮಾಯವೋ. ಕೂಗಿದಾಗ ಇಲ್ಲದಿದ್ದರೆ ವಾರಂಟ್. ಹಾಗಾದರೆ ಊರಿಗೆ ಓಡಬೇಡಿ, ಅವತ್ತೇ ಓಡಿಬಂದರೆ ವಾರಂಟ್ ವಾಪಸಿಗೆ ಅರ್ಜಿ ಹಾಕಬಹುದು. ಜ್ವರ ಬಂದರೆ ಬೆಳಿಗ್ಗೆಯೇ ಫೋನ್ ಮಾಡಿ, ವಿನಾಯಿತಿ ಕೇಳುತ್ತೇನೆ.

ಸಾಕ್ಷಿ ಕಟಕಟೆಯಲ್ಲಿ ಸುಳ್ಳು ಹೇಳುವಾಗ ಹಿಂದಿನಿಂದ “ಯೋವ್” ಅನ್ನಬೇಡಿ, ನನ್ನ ಕೋಟು ಜಗ್ಗಬೇಡಿ. ಎಲ್ಲ ಸಾಕ್ಷಿ ಮುಗಿದ ಮೇಲೆ ಜಡ್ಜ್ ನಿಮ್ಮನ್ನೇ ಕೇಳುತ್ತಾರೆ, ಇಂಥವರು ಹೀಗೆ ಹೇಳಿದ್ದಾರೆ, ಏನಂತೀರಿ ಅಂತ. ವಿಚಾರಣೆಯ ವಿಧಾನ ಹೇಳುವ ಸಿಆರ್‌ಪಿಸಿಯಲ್ಲಿ ನಾವು 313 ಅನ್ನುತ್ತಿದ್ದದ್ದು, ಅದರ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 351. ಅಲ್ಲಿ ಪ್ರಮಾಣ ಮಾಡಿಸುವುದಿಲ್ಲ, ಸುಮ್ಮನಿದ್ದರೂ ಅದಕ್ಕೆ ಶಿಕ್ಷೆ ಇಲ್ಲ. ಆದರೆ ಹೆದರಿಕೆಗೆ ಎಲ್ಲದಕ್ಕೂ ‘ಹೌದು’ ಅನ್ನುವವರನ್ನು ಕಂಡಿದ್ದೇನೆ.

ಫೀಸಿಗೆ ಕಷ್ಟ ಅಂದವರನ್ನು ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಕಳಿಸುತ್ತೇನೆ. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಹೊಂಗೆಮರದ ಕೇಸು ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಯಾರ ಬಲವಂತವೂ ಇಲ್ಲವಲ್ಲ ಅಂತ ಕೇಳಿದಾಗ ಅವನು ಮೊದಲು ನನ್ನ ಮುಖ ನೋಡಿದ. ಆಮೇಲೆ “ಇಲ್ಲ ಸ್ವಾಮಿ, ನಾವೇ ರಾಜಿಯಾಗಿದ್ದೀವಿ” ಅಂದ. ಅಷ್ಟೇ, ಬೇರೊಂದು ಮಾತಿಲ್ಲ. ‘ತಪ್ಪಾಯ್ತು’ ಅಂದದ್ದು ಹೊರಗೆ, ಟೀ ಅಂಗಡಿಯ ಬೆಂಚಿನ ಮೇಲೆ, ದೊಡ್ಡಪ್ಪನ ಮಗನಿಗೆ ಬನ್ನು ಮುರಿದು ಕೊಡುತ್ತ.