ಎರಡೆರಡು ಇಂಟರ್ನೆಟ್ ಲೈನ್ ಉಂಟಲ್ಲ, ಮತ್ತೆ ಎಂತಕ್ಕೆ ನಿಂತದ್ದು?

ಮುಂಬೈ ಕಡೆ ಡೊಂಬಿವಲಿಯಲ್ಲಿ ಮದುವೆ ಊಟಕ್ಕೆ ಕೂತರೂ ಇದೇ ಪ್ರಶ್ನೆ, ಮಾಟುಂಗದಲ್ಲಿ ಕಾಫಿಗೆ ನಿಂತರೂ ಇದೇ. ನಾನೇ ಬಂದು ವಯರು ಕಿತ್ತಂತೆ ಕೇಳುತ್ತಾರೆ. "ಎರಡು ಕಂಪನಿಗೆ ದುಡ್ಡು ಕಟ್ಟುತ್ತೇನೆ ಮಾರಾಯ, ಒಂದು ಹೋದರೆ ಇನ್ನೊಂದು ತನ್ನಿಂತಾನೇ ಹಿಡಿಯಬೇಕಲ್ಲ?"

ಹಿಡಿಯುತ್ತದೆ. ಒಂದು ಹೋಗಿದೆ ಅಂತ ರೂಟರಿಗೆ ಗೊತ್ತಾದರೆ. ಸ್ಟ್ಯಾಟಿಕ್ ರೂಟ್ ನಾವು ಕೈಯಾರೆ ಬರೆದಿಟ್ಟ ದಾರಿ. ವಯರು ಕೂತ ಪೋರ್ಟ್ ಡೌನ್ ಆಗುವವರೆಗೂ ಅದು ಅಲ್ಲೇ ಕೂತಿರುತ್ತದೆ.

ಕಳೆದ ಮಳೆಗಾಲ, ಭಾನುವಾರ ಬೆಳಿಗ್ಗೆ, ಮಾವನ ಹೋಟೆಲು. ಹೊರಗೆ ಫುಟ್‌ಪಾತ್ ಅಗೆದು ಯಾರೋ ಫೈಬರ್ ಕಡಿದಿದ್ದರು. ಮಾವ ಗಲ್ಲಾದಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬಿಲ್ಲು ಬರೆಯುತ್ತಿದ್ದರು. ಮೈಕ್ರೋಟಿಕ್ ಕಂಪನಿಯ ರೂಟರಿನಲ್ಲಿ ಚೆಕ್ ಗೇಟ್‌ವೇ (ಹೊರಹೋಗುವ ಬಾಗಿಲು, ಅಂದರೆ ಗೇಟ್‌ವೇ, ಜೀವಂತ ಇದೆಯಾ ಅಂತ ನೋಡುವ ಸೆಟ್ಟಿಂಗ್) ಹಾಕಿಕೊಟ್ಟವನು ನಾನೇ: 10 ಸೆಕೆಂಡಿಗೊಂದು ಪಿಂಗ್ ("ಇದ್ದೀಯಾ?" ಅನ್ನುವ ಸಂದೇಶ), ಎರಡು ಸಲ ಉತ್ತರ ಬರದಿದ್ದರೆ ಆ ರೂಟ್ ಬಿಟ್ಟು ಡಿಸ್ಟನ್ಸ್ 2, ಅಂದರೆ ಎರಡನೇ ಆದ್ಯತೆ, ಇರುವ ಲೈನಿಗೆ ಹೋಗು. ಆದರೆ ಗೇಟ್‌ವೇ ಯಾವುದು? ದೇವರ ಫೋಟೋದ ಪಕ್ಕದ ಮೋಡೆಮ್, 192.168.1.1. ಅದರ ಮೇಲೆ ಕೆಂಪು ದೀಪ ಮಿನುಗುತ್ತಿತ್ತು, ಪಿಂಗಿಗೆ ಮಾತ್ರ ಉತ್ತರ ಠಾಕುಠೀಕು. ಊರಿನ ಬಸ್ಸಿಗೆ ಘಾಟಿ ರಸ್ತೆ ತೆರೆದಿದೆಯಾ ಅಂತ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ನನ್ನು ಕೇಳಿದರೆ, "ಗೇಟು ಖುಲಾ ಹೈ ಸಾಬ್" ಅನ್ನದೆ ಇನ್ನೇನಂದಾನು?

ತಪ್ಪು ನನ್ನದೇ. (ಮಾವನಿಗೆ ಹೇಳಿಲ್ಲ. ಅಗೆದವರಿಗೆ ಇಬ್ಬರೂ ಸೇರಿ ಬೈದೆವು.)

ಲೈನ್ ಎಷ್ಟಿದೆ ಅಂತ ಎಣಿಸುವ ಬದಲು "ನಿನ್ನ ರೂಟರು ಯಾರನ್ನು ಕೇಳಿ ಲೈನ್ ಸರಿಯಿದೆ ಅನ್ನುತ್ತದೆ?" ಅಂತ ಒಬ್ಬರಾದರೂ ಕೇಳಬಾರದೇ? ಖುಷಿಯಿಂದ ಹೇಳುತ್ತೇನೆ. ರಸ್ತೆಯಾಚೆ ಇರುವವರನ್ನು ಕೇಳಬೇಕು. ಗೂಗಲ್‌ನ ಸರ್ವರ್ 8.8.8.8ಕ್ಕೆ ಮೊದಲ ಲೈನಿನಲ್ಲೇ ಹೋಗು ಅಂತ ಪ್ರತ್ಯೇಕ ರೂಟ್ ಹಾಕಿ, ಡೀಫಾಲ್ಟ್ ರೂಟಿಗೆ (ಬೇರೆ ದಾರಿ ಬರೆದಿರದ ಎಲ್ಲದಕ್ಕೂ ಇರುವ ದಾರಿ) ಅದನ್ನೇ ಗೇಟ್‌ವೇ ಮಾಡುವುದು. ಸಿಸ್ಕೋ ಕಂಪನಿಯ ರೂಟರಿನಲ್ಲಿ ಇಂಥದೇ ಕೆಲಸಕ್ಕೆ ಐಪಿ ಎಸ್‌ಎಲ್‌ಎ (ಪಿಂಗ್ ಮಾಡಿ ನೋಡುವುದು), ಟ್ರ್ಯಾಕ್ (ಅದರ ಫಲ ನೋಡಿ ರೂಟ್ ಬಿಡುವುದು) ಅನ್ನುತ್ತಾರೆ. 8.8.8.8 ಅನ್ನು ಮೊದಲ ಲೈನಿಗೆ ಹಾಗೆ ಕಟ್ಟಿಹಾಕದಿದ್ದರೆ ಎರಡನೇ ಲೈನಿನಿಂದ ಬಂದ ಉತ್ತರ ನೋಡಿ "ಓ, ಮೊದಲನೆಯದು ಬಂತು" ಅಂತ ರೂಟರು ವಾಪಸ್ ಹಾರುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ಹಾರುತ್ತದೆ.

ಹಾಗೇ ಮಾಡಿಕೊಟ್ಟೆ. ಮುಂದಿನ ಸಲ ಫೈಬರ್ ಹೋದಾಗ ರೂಟ್ ಚೆಂದಕ್ಕೆ ಬದಲಾಯಿತು, ಆದರೂ ಮಾವನ ಫೋನು ಬಂತು. ಬಿಲ್ಲಿಂಗ್ ಕಂಪ್ಯೂಟರಿನ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಕೂಡ 8.8.8.8! ಮೊದಲ ಲೈನಿಗೆ ನಾನೇ ಕಟ್ಟಿಹಾಕಿದ ವಿಳಾಸ, ಲೈನಿನ ಜೊತೆಗೇ ಸತ್ತಿತ್ತು.

ಡಿಎನ್‌ಎಸ್ ಬದಲಿಸಿ ಎದ್ದೆ. ಅವತ್ತು ಮಾವ ನನ್ನ ಕಾಫಿಗೂ ಬಿಲ್ಲು ಹರಿದರು.